ಸೀಟ್ ಬೆಲ್ಟ್ ಮೂಳೆಯ ಮೇಲೆ ಕೂರಲಿ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಸೀಟ್ ಬೆಲ್ಟ್ ಮತ್ತು ಅಪಘಾತದ ಗಾಯಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಒಂಬತ್ತನ್ನು ಈ ಸಲ ಆರಿಸಿಕೊಂಡಿದ್ದೇವೆ. ಮೈಗೆ ಸಂಬಂಧಿಸಿದವಕ್ಕೆ ತುರ್ತುಚಿಕಿತ್ಸಾ ವೈದ್ಯರು, ಗಾಡಿಗೆ ಸಂಬಂಧಿಸಿದವಕ್ಕೆ ಆಟೊಮೊಬೈಲ್ ಎಂಜಿನಿಯರ್ ಉತ್ತರಿಸಿದ್ದಾರೆ.

ಪ್ರಶ್ನೆ: ಹೋದ ತಿಂಗಳು ನಮ್ಮ ಭಾವನವರ ಕಾರು ನಿಂತಿದ್ದ ಲಾರಿಗೆ ಹಿಂದಿನಿಂದ ಗುದ್ದಿತು. ಬೆಲ್ಟ್ ಹಾಕಿದ್ದರು. ತಲೆಗೆ ಏನೂ ಆಗಲಿಲ್ಲ, ತಾವೇ ಇಳಿದು ನಡೆದರು. ಹೊಕ್ಕುಳ ಮಟ್ಟಕ್ಕೆ ಅಡ್ಡಲಾಗಿ ನೀಲಿ ಬರೆ ಎದ್ದಿತ್ತು ಅಷ್ಟೆ. ಮರುದಿನ ರಾತ್ರಿ ಹೊಟ್ಟೆ ಬಿಗಿದು ವಾಂತಿ ಶುರುವಾಯಿತು, ಆಪರೇಷನ್ ಮಾಡಿ ಕರುಳು ಹೊಲಿಯಬೇಕಾಯಿತು. ಬೆಲ್ಟ್ ಹಾಕಿದ್ದಕ್ಕೇ ಹೀಗಾಯಿತು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ನಿಜವೇ? — ತಿಪಟೂರು

ಉತ್ತರ: ಕರುಳಿಗೆ ಪೆಟ್ಟು ಬಿದ್ದದ್ದು ಬೆಲ್ಟಿನಿಂದಲೇ. ಆದರೆ ಅದು ನಾಲ್ಕು ಬೆರಳು ಕೆಳಗೆ ಕೂತಿದ್ದರೆ ಈ ಗಾಯ ಆಗುವ ಸಂಭವ ತೀರ ಕಡಿಮೆ ಇತ್ತು. ಬೆಲ್ಟೇ ಇಲ್ಲದಿದ್ದರೆ ಎದೆ ಸ್ಟೀರಿಂಗಿಗೂ ತಲೆ ಮುಂದಿನ ಗಾಜಿಗೂ ಬಡಿಯುತ್ತಿತ್ತು. ಅಂಥವರನ್ನು ನಾವು ಆಪರೇಷನ್ ಕೋಣೆಯವರೆಗೆ ಒಯ್ಯುವುದೇ ಕಷ್ಟ.

ಲೆಕ್ಕ ನೋಡಿ. 60 ಕಿಲೋ ತೂಕದವರು ಗಂಟೆಗೆ 50 ಕಿ.ಮೀ. ವೇಗದಿಂದ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, ಅವರನ್ನು ಹಿಡಿದು ನಿಲ್ಲಿಸಲು ಸುಮಾರು 850 ಕಿಲೋ ಭಾರದಷ್ಟು ಬಲ ಬೇಕು. ಅದನ್ನು ಐದು ಸೆಂಟಿಮೀಟರೂ ಅಗಲವಿಲ್ಲದ ಪಟ್ಟಿಯೊಂದು ಮೈಮೇಲೆ ಹೇರುತ್ತದೆ. ಈ ಭಾರ ತಡೆಯುವ ಶಕ್ತಿ ಇರುವುದು ಮೂಳೆಗೆ. ಸೊಂಟದ ಎರಡೂ ಪಕ್ಕ ಬೆರಳಿಟ್ಟು ಒತ್ತಿದರೆ ಗಟ್ಟಿ ಏಣು ಸಿಗುತ್ತದಲ್ಲ, ಸೊಂಟದ ಪಟ್ಟಿ ಅದಕ್ಕಿಂತ ಕೆಳಗೆ, ತೊಡೆಯ ಬುಡಕ್ಕೆ ತಾಗಿದಂತೆ ಇರಬೇಕು. ಎದೆಪಟ್ಟಿ ಹೆಗಲಿನ ನಡುವಿನಿಂದ ಹೊರಟು, ಕೊರಳೆಲುಬಿನ ಮೇಲೆ ಹಾದು, ಎದೆಯ ನಡುಮೂಳೆ ದಾಟಿ ಕೆಳಗಿಳಿಯಬೇಕು.

ಪಟ್ಟಿ ಹೊಟ್ಟೆಗೆ ಏರುವುದಕ್ಕೆ ಕಾರಣಗಳು ನಮ್ಮ ಕೂರುವ ರೀತಿಯಲ್ಲೇ ಇವೆ. ಸೀಟನ್ನು ಹಿಂದಕ್ಕೆ ಬಾಗಿಸಿಕೊಂಡು ಅರ್ಧ ಮಲಗುತ್ತೇವೆ. ಸೀಟಿನ ಅಂಚಿಗೆ ಜಾರಿ ಕೂರುತ್ತೇವೆ. ಬಿಗಿ ಆಗುತ್ತದೆಂದು ಪಟ್ಟಿಯನ್ನು ಎಳೆದು ಸಡಿಲ ಬಿಡುತ್ತೇವೆ. ಡಿಕ್ಕಿಯಾದಾಗ ಮೈ ಬೆಲ್ಟಿನ ಅಡಿ ಮುಂದಕ್ಕೆ ಜಾರುತ್ತದೆ, ಪಟ್ಟಿ ಸೊಂಟದ ಏಣನ್ನು ದಾಟಿ ಹೊಟ್ಟೆಗೆ ಏರುತ್ತದೆ. ಆಗ ಕರುಳು ಬೆನ್ನುಮೂಳೆಗೂ ಪಟ್ಟಿಗೂ ನಡುವೆ ಸಿಕ್ಕಿ ಒಡೆಯುತ್ತದೆ, ಇಲ್ಲವೇ ಕರುಳಿಗೆ ರಕ್ತ ಒಯ್ಯುವ ಪೊರೆ ಹರಿಯುತ್ತದೆ. ಮೈ ಪಟ್ಟಿಯ ಮೇಲೆ ಮಡಚಿಕೊಂಡಾಗ ಸೊಂಟದ ಭಾಗದ ಬೆನ್ನುಮೂಳೆ ಅಡ್ಡಕ್ಕೆ ಸೀಳುವುದೂ ಉಂಟು. 1948ರಲ್ಲಿ ಇದನ್ನು ಮೊದಲು ವಿವರಿಸಿದ ಎಕ್ಸ್‌ರೇ ತಜ್ಞರ ಹೆಸರಿನಿಂದ ಇದಕ್ಕೆ ‘ಚಾನ್ಸ್ ಫ್ರ್ಯಾಕ್ಚರ್’ ಎನ್ನುತ್ತಾರೆ. ಆದ್ದರಿಂದ ಹೊಟ್ಟೆಯ ಬರೆ ಕಂಡವರು ಬೆನ್ನನ್ನೂ ನೋಡಲೇಬೇಕು.

ಎಲ್ಲರಿಗೂ ತಿಳಿದಿರಲಿ: ಹೊಟ್ಟೆಯ ಮೇಲೆ ಬೆಲ್ಟಿನ ಬರೆ ಎದ್ದಿದ್ದರೆ, ‘ಸ್ಕ್ಯಾನ್ ಚೆನ್ನಾಗಿದೆ’ ಎಂದು ಕೇಳಿದ ತಕ್ಷಣ ಮನೆಗೆ ಹೊರಡಬೇಡಿ. ಕರುಳಿನ ಸಣ್ಣ ತೂತು ಮೊದಲ ಕೆಲವು ಗಂಟೆಗಳಲ್ಲಿ ಸಿ.ಟಿ. ಸ್ಕ್ಯಾನಿಗೂ ಕಾಣದೇ ಹೋಗಬಹುದು. ಒಂದು ದಿನ ಆಸ್ಪತ್ರೆಯಲ್ಲಿದ್ದು, ವೈದ್ಯರು ಆಗಾಗ ಹೊಟ್ಟೆ ಮುಟ್ಟಿ ನೋಡುವುದು ಕ್ಷೇಮ. ಮನೆಗೆ ಬಂದ ಮೇಲೆ ನೋವು ಇಳಿಯುವ ಬದಲು ಏರುತ್ತಿದ್ದರೆ, ಹೊಟ್ಟೆ ಹಲಗೆಯಂತೆ ಬಿಗಿದರೆ, ವಾಂತಿ ಜ್ವರ ಬಂದರೆ, ಮೂತ್ರದಲ್ಲಿ ರಕ್ತ ಕಂಡರೆ, ನಿಂತಾಗ ಕಣ್ಣು ಕತ್ತಲೆ ಬಂದರೆ ಅದೇ ಗಳಿಗೆಯಲ್ಲಿ ವಾಪಸ್ ಹೋಗಿ. ಹೆಗಲಿಗೆ ಪೆಟ್ಟಾಗದಿದ್ದರೂ ಎಡಹೆಗಲ ತುದಿ ನೋಯುತ್ತಿದ್ದರೆ ಹೊಟ್ಟೆಯ ಎಡಭಾಗದ ಗುಲ್ಮದಿಂದ (ಸ್ಪ್ಲೀನ್) ರಕ್ತ ಸೋರುತ್ತಿರಬಹುದು. ಪಟ್ಟಿಯ ಬರೆ ಕತ್ತಿನ ಮೇಲೆ ಬಿದ್ದಿದ್ದರೆ ಅದೂ ಹಗುರವಲ್ಲ. ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಸೀಳಿರಬಹುದು. ಮಾತು ತೊದಲುವುದು, ಒಂದು ಕೈ ಸೋಲುವುದು ಗಂಟೆಗಳೋ ದಿನಗಳೋ ಕಳೆದ ಮೇಲೆ ಕಾಣಿಸಿಕೊಳ್ಳುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಾದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಿ.

ಪ್ರಶ್ನೆ: ನನಗೀಗ ಏಳು ತಿಂಗಳು. ತವರಿಗೆ ಹೋಗಲು ಮೂರು ಗಂಟೆ ಕಾರಿನಲ್ಲಿ ಕೂರಬೇಕು. ಬೆಲ್ಟ್ ಹಾಕಿದರೆ ಮಗುವಿಗೆ ಒತ್ತುತ್ತದೆ, ಬೇಡ ಎಂದು ಅತ್ತೆ ಹೇಳುತ್ತಾರೆ. — ಹಾಸನ

ಉತ್ತರ: ಹಾಕಲೇಬೇಕಮ್ಮ. ಸೊಂಟದ ಪಟ್ಟಿ ಹೊಟ್ಟೆಯ ಉಬ್ಬಿನ ಕೆಳಗೆ, ಸೊಂಟದ ಮೂಳೆಗೆ ಒರಗಿ ಹೋಗಲಿ. ಎದೆಪಟ್ಟಿ ಎರಡು ಸ್ತನಗಳ ನಡುವೆ ಹಾದು ಹೊಟ್ಟೆಯ ಪಕ್ಕಕ್ಕೆ ಇಳಿಯಲಿ. ಎರಡೂ ಪಟ್ಟಿ ಹೊಟ್ಟೆಯ ಉಬ್ಬಿನ ಮೇಲೆ ಹಾಯಬಾರದು. ಮೊದಲು ಬಕಲ್ ಸಿಕ್ಕಿಸಿ, ಸೊಂಟದ ಭಾಗವನ್ನು ಕೈಯಿಂದ ಕೆಳಕ್ಕೆ ಒತ್ತಿ ಹಿಡಿದು, ಆಮೇಲೆ ಎದೆಯ ಭಾಗವನ್ನು ಮೇಲಕ್ಕೆ ಎಳೆದರೆ ಸಡಿಲವೆಲ್ಲ ಹೋಗುತ್ತದೆ. ಸೀರೆಯ ನೆರಿಗೆಯ ಗಂಟು ಪಟ್ಟಿಯ ಅಡಿ ಸೇರಿದರೆ ಪಟ್ಟಿ ಮೇಲಕ್ಕೇರುತ್ತದೆ. ಪ್ರಯಾಣಕ್ಕೆ ಚೂಡಿದಾರ್ ಒಳ್ಳೆಯದು.

ಅತ್ತೆಯವರಿಗೆ ಇದನ್ನು ಓದಿ ಹೇಳಿ: ಡಿಕ್ಕಿಯಲ್ಲಿ ತಾಯಿ ಮುಂದಕ್ಕೆ ಎಸೆಯಲ್ಪಟ್ಟಾಗ ಹಿಗ್ಗಿ ಕುಗ್ಗುವ ಗರ್ಭಕೋಶದ ಗೋಡೆಯಿಂದ, ಹಾಗೆ ಹಿಗ್ಗದ ಮಾಸು ಕಳಚಿಕೊಳ್ಳುತ್ತದೆ. ಮಗು ಹೋಗುವುದಕ್ಕೆ ದೊಡ್ಡ ಕಾರಣವೇ ಇದು. ತಾಯಿಗೆ ಮೇಲ್ನೋಟಕ್ಕೆ ಗಾಯವಿಲ್ಲದಿದ್ದರೂ ಹೀಗಾಗಬಹುದು. ಹಾಗಾಗಿ ಐದು ತಿಂಗಳು ದಾಟಿದವರು ಎಷ್ಟೇ ಸಣ್ಣ ಡಿಕ್ಕಿಯಾದರೂ ಹೆರಿಗೆ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ, ಕನಿಷ್ಠ 4 ಗಂಟೆ ಮಗುವಿನ ಎದೆಬಡಿತ ಮತ್ತು ಗರ್ಭಕೋಶದ ಬಿಗಿತ ನೋಡಿಸಿಕೊಳ್ಳಬೇಕು. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ 72 ಗಂಟೆಯೊಳಗೆ ಆಂಟಿ-ಡಿ ಚುಚ್ಚುಮದ್ದು ಬೇಕಾಗಬಹುದು, ಕೇಳಿ. ನೀವೇ ಓಡಿಸುವುದಾದರೆ ಸ್ಟೀರಿಂಗಿಗೂ ಎದೆಮೂಳೆಗೂ ನಡುವೆ 25 ಸೆಂಟಿಮೀಟರ್ ಅಂತರವಿರಲಿ. ಆಗದಿದ್ದರೆ ಹಿಂದಿನ ಸೀಟಿಗೆ ಬನ್ನಿ.

ಪ್ರಶ್ನೆ: ಹತ್ತು ತಿಂಗಳ ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು, ನನ್ನ ಬೆಲ್ಟನ್ನೇ ಇಬ್ಬರಿಗೂ ಸೇರಿಸಿ ಹಾಕುತ್ತೇನೆ. ಸಾಕಲ್ಲವೇ? — ಗದಗ

ಉತ್ತರ: ದಯವಿಟ್ಟು ಇವತ್ತೇ ನಿಲ್ಲಿಸಿ. ಡಿಕ್ಕಿಯಾದಾಗ ನಿಮ್ಮ ಇಡೀ ಮೈಯ ಭಾರ ಹಿಂದಿನಿಂದ ಮಗುವನ್ನು ಬೆಲ್ಟಿಗೆ ಒತ್ತಿ ಅಪ್ಪಚ್ಚಿ ಮಾಡುತ್ತದೆ. ಬೆಲ್ಟಿನ ಹೊರಗೆ ಕೈಯಲ್ಲಿ ಹಿಡಿದುಕೊಂಡರೂ ಆಗದು. 10 ಕಿಲೋ ಮಗುವನ್ನು 50 ಕಿ.ಮೀ. ವೇಗದಲ್ಲಿ ತಡೆದು ನಿಲ್ಲಿಸಲು 140 ಕಿಲೋ ಎತ್ತುವ ಶಕ್ತಿ ಬೇಕು. ಇದರ ಜೊತೆಗೆ ಮುಂದಿನ ಏರ್‌ಬ್ಯಾಗ್ ಕಣ್ಣು ಮಿಟುಕಿಸುವುದರೊಳಗೆ ಉಬ್ಬಿ ಮಗುವಿನ ತಲೆಗೆ ಹೊಡೆಯುತ್ತದೆ.

ಹತ್ತು ತಿಂಗಳಿಗೆ ಬೇಕಾದ್ದು ಹಿಂದಿನ ಸೀಟಿನಲ್ಲಿ ಕಟ್ಟುವ, ಮಗುವಿನ ಮುಖ ಕಾರಿನ ಹಿಂಭಾಗಕ್ಕೆ ತಿರುಗಿರುವ ಚೈಲ್ಡ್ ಸೀಟ್. ಎಳೆಮಗುವಿನ ತಲೆ ಮೈಗೆ ಹೋಲಿಸಿದರೆ ಭಾರ, ಕುತ್ತಿಗೆ ಇನ್ನೂ ಎಳಸು. ಮುಖ ಹಿಂದಕ್ಕಿದ್ದರೆ ಪೆಟ್ಟು ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಕನಿಷ್ಠ 15 ತಿಂಗಳವರೆಗೆ ಹೀಗೆಯೇ ಇರಲಿ, ಸೀಟಿನ ಮಿತಿ ಒಪ್ಪುವುದಾದರೆ ಇನ್ನೂ ಹೆಚ್ಚು ಕಾಲ. ಕೊಳ್ಳುವಾಗ ಎಐಎಸ್-072, ಆರ್44/04 ಅಥವಾ ಆರ್129 ಎಂಬ ಸುರಕ್ಷತಾ ಮಾನದಂಡದ ಗುರುತಿನ ಚೀಟಿ ಹೊಲಿದಿದೆಯೇ ನೋಡಿ. ಅಂಗಡಿಯಲ್ಲಿ ಸಿಗುವ ಬರೀ ಮೆತ್ತೆ-ಪಟ್ಟಿಯ ‘ಬೇಬಿ ಬೆಲ್ಟ್’ ಇದಕ್ಕೆ ಬದಲಿಯಲ್ಲ.

ಸೀಟ್ ಕೊಂಡವರೂ ಅದನ್ನು ಕಟ್ಟುವಾಗ ತಪ್ಪುತ್ತಾರೆ. ಕಟ್ಟಿದ ಮೇಲೆ ಬೆಲ್ಟ್ ಹಾಯುವ ಜಾಗದಲ್ಲಿ ಹಿಡಿದು ಪಕ್ಕಕ್ಕೂ ಮುಂದಕ್ಕೂ ಅಲ್ಲಾಡಿಸಿ. ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಸರಿದರೆ ಬಿಚ್ಚಿ ಮತ್ತೆ ಬಿಗಿಯಿರಿ. ಮಗುವಿನ ಹೆಗಲ ಪಟ್ಟಿಯನ್ನು ಕೊರಳೆಲುಬಿನ ಹತ್ತಿರ ಚಿವುಟಿ ನೋಡಿ. ಪಟ್ಟಿ ಮಡಿಕೆಯಾಗಿ ಬೆರಳಿಗೆ ಸಿಕ್ಕಿದರೆ ಸಡಿಲವಾಗಿದೆ ಎಂದರ್ಥ. ದಪ್ಪ ಸ್ವೆಟರ್ ತೆಗೆದು ಪಟ್ಟಿ ಹಾಕಿ, ಅದರ ಮೇಲೆ ಶಾಲು ಹೊದಿಸಿ.

ದೊಡ್ಡ ಮಕ್ಕಳಿಗೆ ಸುಮಾರು 145 ಸೆಂಟಿಮೀಟರ್ ಎತ್ತರವಾಗುವವರೆಗೆ, ಅವರನ್ನು ಎತ್ತರಿಸಿ ಕೂರಿಸುವ ಬೂಸ್ಟರ್ ಸೀಟ್ ಇರಬೇಕು. ಬೆನ್ನು ಪೂರ್ತಿ ಒರಗಿದಾಗ ಮಂಡಿ ಸೀಟಿನ ಅಂಚಿನಲ್ಲಿ ಮಡಚುತ್ತದೆಯೇ, ಎದೆಪಟ್ಟಿ ಕತ್ತಿಗೆ ತಾಗದೆ ಹೆಗಲ ನಡುವೆ ಕೂರುತ್ತದೆಯೇ? ಎರಡೂ ಸರಿಯಿದ್ದರೆ ಬೂಸ್ಟರ್ ತೆಗೆಯಬಹುದು. ಕತ್ತಿಗೆ ಉಜ್ಜುತ್ತದೆಂದು ಎದೆಪಟ್ಟಿಯನ್ನು ಕಂಕುಳ ಕೆಳಗೆ ಹಾಕುವ ಮಕ್ಕಳಲ್ಲೇ ಪಕ್ಕೆಲುಬು ಮುರಿದು ಲಿವರಿಗೂ ಗುಲ್ಮಕ್ಕೂ ಚುಚ್ಚುವುದು.

ಪ್ರಶ್ನೆ: ಹಿಂದೆ ಕೂತವರಿಗೂ ದಂಡ ಹಾಕುತ್ತಾರಾ? ಮುಂದಿನ ಸೀಟೇ ಅಡ್ಡ ಇರುವಾಗ ಬೆಲ್ಟ್ ಏಕೆ? — ಮೈಸೂರು

ಉತ್ತರ: ಹಾಕುತ್ತಾರೆ. ಮುಂದಕ್ಕೆ ಮುಖ ಮಾಡಿದ ಹಿಂದಿನ ಸೀಟಿನವರೂ ಬೆಲ್ಟ್ ಹಾಕಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 138(3) ಹೇಳುತ್ತದೆ. 2019ರ ತಿದ್ದುಪಡಿಯಲ್ಲಿ ಸೇರಿದ 194ಬಿ ಕಲಮಿನಂತೆ ದಂಡ 1,000 ರೂಪಾಯಿ. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟೋ ಚೈಲ್ಡ್ ಸೀಟೋ ಇಲ್ಲದಿದ್ದರೂ ಅಷ್ಟೇ.

ಮುಂದಿನ ಸೀಟು ಅಡ್ಡ ಇದೆ ನಿಜ, ಅದರಲ್ಲಿ ಮನುಷ್ಯರು ಕೂತಿರುತ್ತಾರೆ. ಹಿಂದಿನವರು ಚೀಲದಂತೆ ಹಾರಿ ಆ ಸೀಟಿಗೆ ಬಡಿದಾಗ, ಬೆಲ್ಟ್ ಹಾಕಿದ್ದ ಚಾಲಕ ಸ್ಟೀರಿಂಗಿಗೂ ಸೀಟಿಗೂ ನಡುವೆ ಸಿಕ್ಕಿಕೊಳ್ಳುತ್ತಾರೆ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಸೂರ್ಯಾ ನದಿಯ ಸೇತುವೆಯಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡ ಅಪಘಾತ ನೆನಪಿಸಿಕೊಳ್ಳಿ. ಬೆಲ್ಟ್ ಹಾಕದೆ ಹಿಂದೆ ಕೂತಿದ್ದ ಇಬ್ಬರೂ ಹೋದರು, ಮುಂದಿದ್ದ ಇಬ್ಬರು ಉಳಿದರು. ಅದೇ ವರ್ಷ ದೇಶದಲ್ಲಿ ಬೆಲ್ಟ್ ಹಾಕದೆ ಸತ್ತವರು 16,715 ಮಂದಿ ಎಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ 8,384 ಚಾಲಕರು, 8,331 ಪ್ರಯಾಣಿಕರು. ಅರ್ಧಕ್ಕರ್ಧ ಜನ ಸ್ಟೀರಿಂಗ್ ಹಿಡಿದವರೇ ಅಲ್ಲ.

ಹಿಂದಿನ ಬಕಲ್‌ಗಳು ಸೀಟ್ ಕವರಿನ ಅಡಿ ಹೂತುಹೋಗಿರುವುದು ನಮ್ಮ ಬಹಳಷ್ಟು ಕಾರುಗಳ ಪಾಡು. ಮದುವೆಗೋ ಜಾತ್ರೆಗೋ ಹೊರಡುವ ಹಿಂದಿನ ದಿನವೇ ಅವನ್ನು ಹೊರಗೆ ಎಳೆದಿಡಿ. ಕವರ್ ಅಡ್ಡ ಬಂದರೆ ಕವರನ್ನೇ ಕತ್ತರಿಸಿ.

ಪ್ರಶ್ನೆ: ಏರ್‌ಬ್ಯಾಗ್ ಇದ್ದ ಮೇಲೆ ಬೆಲ್ಟ್ ಏಕೆ? ಅಲಾರಾಂ ನಿಲ್ಲಿಸುವ ಕ್ಲಿಪ್ ಹಾಕಿದರೆ ಏನಾಗುತ್ತದೆ? — ಹುಬ್ಬಳ್ಳಿ

ಉತ್ತರ: ಬೆಲ್ಟ್ ಹಾಕಿ ಕೂತವರನ್ನು ಲೆಕ್ಕಕ್ಕಿಟ್ಟುಕೊಂಡೇ ಏರ್‌ಬ್ಯಾಗ್ ರೂಪಿಸುತ್ತಾರೆ. ಬ್ರೇಕ್ ಹೊಡೆದಾಗಲೇ ನೀವು ಮುಂದಕ್ಕೆ ಜಾರಿ ಸ್ಟೀರಿಂಗಿನ ಹತ್ತಿರ ಹೋಗಿದ್ದರೆ, ಅದು ಇನ್ನೂ ಉಬ್ಬುತ್ತಿರುವಾಗಲೇ ಮುಖಕ್ಕೂ ಎದೆಗೂ ಗುದ್ದುತ್ತದೆ. ಬಕಲಿನಲ್ಲಿ ಕ್ಲಿಪ್ ಇದ್ದರೆ ಬೆಲ್ಟ್ ಹಾಕಿದ್ದಾರೆಂದು ಕಾರಿನ ಕಂಪ್ಯೂಟರ್ ನಂಬುತ್ತದೆ. ಇಂಥ ಕ್ಲಿಪ್‌ಗಳ 13,118 ಜಾಹೀರಾತುಗಳನ್ನು 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಅಂಗಡಿಗಳಿಂದ ತೆಗೆಸಿತು. ನಿಮ್ಮದನ್ನು ಕಿತ್ತು ಬಿಸಾಡಿ, ಇನ್ನೊಬ್ಬರಿಗೆ ಕೊಡಬೇಡಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕಾರು ನೋಡುತ್ತಿದ್ದೇನೆ. ಆಕ್ಸಿಡೆಂಟ್ ಆಗಿದ್ದ ಗಾಡಿಯಾ, ಬೆಲ್ಟ್ ಸರಿಯಿದೆಯಾ ಎಂದು ನಾನೇ ನೋಡಬಹುದೇ? — ದಾವಣಗೆರೆ

ಉತ್ತರ: ಬಹಳಷ್ಟು ನೋಡಬಹುದು. ಹಗಲು ಬೆಳಕಿನಲ್ಲಿ ಹೋಗಿ.

ಮೊದಲು ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಪೂರ್ತಿ ಬಂದು, ಬಿಟ್ಟಾಗ ಪೂರ್ತಿ ಸುತ್ತಿಕೊಳ್ಳಬೇಕು. ಆಮೇಲೆ ಝಟ್ಟನೆ ಜಗ್ಗಿ ನೋಡಿ, ಬೆಲ್ಟ್ ತಟ್ಟನೆ ಹಿಡಿದು ನಿಲ್ಲಬೇಕು. ಪ್ರತಿ ಸಲವೂ ಹಿಡಿಯಬೇಕು, ಹತ್ತರಲ್ಲಿ ಒಂದು ಸಲ ತಪ್ಪಿದರೂ ಬೆಲ್ಟನ್ನು ಒಳಗೆ ಸುತ್ತಿಕೊಳ್ಳುವ ರಿಟ್ರ್ಯಾಕ್ಟರ್ ಬದಲಿಸಬೇಕು. ಗಾಡಿ ಇಳಿಜಾರಿನಲ್ಲಿ ನಿಂತಾಗ ನಿಧಾನ ಎಳೆದರೂ ಬೆಲ್ಟ್ ಬಾರದಿದ್ದರೆ ಅದು ದೋಷವಲ್ಲ. ರಿಟ್ರ್ಯಾಕ್ಟರಿನೊಳಗೆ ಸಣ್ಣ ಗುಂಡೊಂದಿದೆ. ಗಾಡಿ ಓರೆಯಾದರೂ ಥಟ್ಟನೆ ನಿಂತರೂ ಅದು ಉರುಳಿ ಲಾಕ್ ಮಾಡಿಸುತ್ತದೆ. ಸಮತಟ್ಟಿನಲ್ಲಿ ನಿಲ್ಲಿಸಿ ನೋಡಿ.

ಈಗ ಪಟ್ಟಿಯ ಮೇಲೆ ಬೆರಳಾಡಿಸಿ. ಅಂಚಿನ ನೂಲು ಎದ್ದಿರುವುದು, ಸಿಗರೇಟಿನ ಸುಟ್ಟ ತೂತು, ಅಲೆಯಲೆಯಾಗಿ ಹಿಗ್ಗಿದ ನೇಯ್ಗೆ ಇದ್ದರೆ ಪಟ್ಟಿ ಕೆಲಸಕ್ಕೆ ಬಾರದು. ಹೆಗಲ ಮೇಲ್ಗಡೆ ಪಟ್ಟಿ ಹಾದುಬರುವ ಬಳೆಯ ಪ್ಲಾಸ್ಟಿಕ್ ಕೆರೆದು ಕರಗಿದಂತಿದ್ದರೆ, ಯಾರದೋ ಮೈಭಾರ ಒಮ್ಮೆ ಆ ಬೆಲ್ಟಿನ ಮೇಲೆ ಬಿದ್ದಿದೆ. ಪಟ್ಟಿಯ ತುದಿಯ ಚೀಟಿಯಲ್ಲಿ ತಯಾರಾದ ತಾರೀಖು ಇದ್ದರೆ ಕಾರಿನ ವರ್ಷಕ್ಕೆ ತಾಳೆ ಹಾಕಿ. ಕಾರಿಗಿಂತ ಬೆಲ್ಟ್ ಹೊಸದಾದರೆ ಏಕೆಂದು ಕೇಳಿ, ಬಹಳ ಹಳೆಯದಾದರೆ ಗುಜರಿಯಿಂದ ತಂದದ್ದು.

ಮುಂದಿನ ಬೆಲ್ಟ್‌ಗಳಲ್ಲಿ ಸಾಮಾನ್ಯವಾಗಿ ಪ್ರಿಟೆನ್ಷನರ್ ಇರುತ್ತದೆ. ಡಿಕ್ಕಿಯಾದ ಕ್ಷಣ ಸಣ್ಣ ಸಿಡಿಮದ್ದು ಹೊತ್ತಿ ಪಟ್ಟಿಯ ಸಡಿಲವನ್ನು ಎಳೆದುಕೊಳ್ಳುತ್ತದೆ. ಒಮ್ಮೆ ಸಿಡಿದರೆ ಅದರ ಕೆಲಸ ಮುಗಿಯಿತು, ಇಡೀ ಜೋಡಣೆ ಬದಲಿಸಬೇಕು. ದುಡ್ಡು ಉಳಿಸಲು ಕೆಲವು ಕಡೆ ಅದರ ಜಾಗದಲ್ಲಿ ಎರಡು ಓಮಿನ ಆಸುಪಾಸಿನ ಪುಟ್ಟ ರೆಸಿಸ್ಟರ್ (ವಿದ್ಯುತ್ತಿಗೆ ತಡೆಯೊಡ್ಡುವ ಬಿಡಿಭಾಗ) ಸಿಕ್ಕಿಸಿ, ಪ್ರಿಟೆನ್ಷನರ್ ಸರಿಯಿದೆ ಎಂದು ಕಂಪ್ಯೂಟರಿನ ಕಣ್ಣಿಗೆ ಮಣ್ಣೆರಚುತ್ತಾರೆ. ಇದು ಕೊಲೆಗೆ ಸಮಾನವಾದ ಕೆಲಸ. ಕೀ ತಿರುಗಿಸಿದಾಗ ಏರ್‌ಬ್ಯಾಗಿನ ಕೆಂಪು ದೀಪ ಕೆಲವು ಸೆಕೆಂಡು ಉರಿದು ತಾನಾಗಿ ಆರಬೇಕು. ಉರಿಯುತ್ತಲೇ ಇದ್ದರೆ ದೋಷವಿದೆ. ಉರಿಯಲೇ ಇಲ್ಲವಾದರೆ ದೀಪವನ್ನೇ ಕಿತ್ತಿದ್ದಾರೆ. ಆಯಿಲ್ ದೀಪವೋ ಬ್ಯಾಟರಿ ದೀಪವೋ ಆರುವ ಕ್ಷಣಕ್ಕೆ ಸರಿಯಾಗಿ ಆರಿದರೆ ಎರಡನ್ನೂ ಒಂದೇ ತಂತಿಗೆ ಸೇರಿಸಿರುವ ಅನುಮಾನ ಪಡಿ. ರೆಸಿಸ್ಟರಿನ ಮೋಸ ದೀಪದಿಂದ ಗೊತ್ತಾಗದು, ಅದಕ್ಕೆ ಒಳಗಿನ ಪ್ಲಾಸ್ಟಿಕ್ ಹೊದಿಕೆ (ಟ್ರಿಮ್) ಬಿಚ್ಚಿಯೇ ನೋಡಬೇಕು. ಖರೀದಿಗೆ ಮುಂಚೆ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನರ್ ಹಾಕಿಸಿ, ರಿಟ್ರ್ಯಾಕ್ಟರಿನ ಕನೆಕ್ಟರ್ ಬಿಚ್ಚಿ ತೋರಿಸಲು ಕೇಳಿ.

ಪ್ರಶ್ನೆ: ನಮ್ಮ ಕಡೆ ಕಾರು ನಾಲೆಗೆ ಬಿದ್ದ ಸುದ್ದಿ ಆಗಾಗ ಕೇಳುತ್ತೇವೆ. ಬೆಲ್ಟ್ ಹಾಕಿದ್ದರೆ ನೀರಿನಲ್ಲಿ ಬಿಚ್ಚಿಕೊಳ್ಳಲು ಆಗುತ್ತದೆಯೇ? — ಪಾಂಡವಪುರ

ಉತ್ತರ: ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಓಡಾಡುವವರಿಗೆ ಈ ಭಯ ಸಹಜ. ಆದರೆ ಏರಿಯಿಂದ ಉರುಳುವಾಗ ಬೆಲ್ಟ್ ಇಲ್ಲದವರು ಚಾವಣಿಗೆ ಬಡಿದು ಪ್ರಜ್ಞೆ ತಪ್ಪುತ್ತಾರೆ, ಪ್ರಜ್ಞೆ ತಪ್ಪಿದವರಿಗೆ ಈಜು ಬಂದರೂ ಉಪಯೋಗವಿಲ್ಲ. ಬಕಲ್ ನೀರಿನೊಳಗೂ ಒತ್ತಿದರೆ ಬಿಚ್ಚುತ್ತದೆ.

ಕಾರು ಸಾಮಾನ್ಯವಾಗಿ ಅರ್ಧ ನಿಮಿಷದಿಂದ ಒಂದೆರಡು ನಿಮಿಷ ತೇಲುತ್ತದೆ. ಫೋನ್ ಮುಟ್ಟಬೇಡಿ. ಬೆಲ್ಟ್ ಬಿಚ್ಚಿ, ಪಕ್ಕದ ಗಾಜು ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ತಳ್ಳಿ, ನೀವೂ ಕಿಟಕಿಯಿಂದಲೇ ಹೊರಡಿ. ಬಾಗಿಲು ತೆರೆದರೆ ನೀರು ಒಮ್ಮೆಲೇ ನುಗ್ಗಿ ಕಾರು ಬೇಗ ಮುಳುಗುತ್ತದೆ. ಪವರ್ ವಿಂಡೋ ನೀರಿಗೆ ಬಿದ್ದ ಕೂಡಲೇ ಕೆಡುವುದು ಅಪರೂಪ, ಮೊದಲ ಸೆಕೆಂಡುಗಳಲ್ಲೇ ಒತ್ತಿ. ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಚೂಪು ಸುತ್ತಿಗೆಯಿಂದ ಹೊಡೆಯಿರಿ. ಮುಂದಿನ ಗಾಜು ಎರಡು ಪದರ ಅಂಟಿಸಿದ್ದು, ಅದು ಬಿರಿಯುತ್ತದೆಯೇ ಹೊರತು ತೆರೆದುಕೊಳ್ಳದು. ಹಾಗೆಯೇ ಕೆಲವು ದುಬಾರಿ ಕಾರುಗಳಲ್ಲಿ ಪಕ್ಕದ ಗಾಜೂ ಅಂಥದ್ದೇ ಇರುತ್ತದೆ, ನಿಮ್ಮದು ಯಾವುದೆಂದು ಗಾಜಿನ ಮೂಲೆಯ ಅಕ್ಷರ ಓದಿ ತಿಳಿದಿರಿ. ಬೆಲ್ಟ್ ಕೊಯ್ಯುವ ಬ್ಲೇಡೂ ಇರುವ ಸುತ್ತಿಗೆ ಸಿಗುತ್ತದೆ. ಅದನ್ನು ಸಾಮಾನಿಡುವ ಡಿಕ್ಕಿಯಲ್ಲಿಟ್ಟರೆ ಪ್ರಯೋಜನವಿಲ್ಲ, ಕೂತಲ್ಲೇ ಕೈಗೆ ಸಿಗುವಂತೆ ಇಡಿ. ಕಾರು ತಲೆಕೆಳಗಾಗಿದ್ದರೆ ಒಂದು ಕೈಯನ್ನು ಚಾವಣಿಗೆ ಊರಿ ಮೈಭಾರ ತಡೆದುಕೊಂಡೇ ಬಕಲ್ ಒತ್ತಿ, ಇಲ್ಲವಾದರೆ ಕುತ್ತಿಗೆಯ ಮೇಲೆ ಬೀಳುತ್ತೀರಿ.

ಪ್ರಶ್ನೆ: ರಸ್ತೆಯಲ್ಲಿ ಅಪಘಾತ ಕಂಡರೆ ಬೆಲ್ಟ್ ಬಿಚ್ಚಿ ಗಾಯಾಳುವನ್ನು ಹೊರಗೆಳೆಯಬಹುದೇ? ಪೊಲೀಸ್ ಕೇಸ್ ಆಗುತ್ತದೆಯೇ? — ಶಿರಾ

ಉತ್ತರ: ಬೆಂಕಿ, ನೀರು, ಹಿಂದಿನಿಂದ ಗಾಡಿ ಬಂದು ಗುದ್ದುವ ಅಪಾಯ ಇದ್ದರೆ ಮಾತ್ರ ಎಳೆಯಿರಿ. ಇಲ್ಲದಿದ್ದರೆ ಇಗ್ನಿಷನ್ ಆಫ್ ಮಾಡಿ, 108ಕ್ಕೋ 112ಕ್ಕೋ ಕರೆ ಮಾಡಿ, ಹಿಂದಿನ ಸೀಟಿನಿಂದ ಎರಡೂ ಕೈಯಲ್ಲಿ ಗಾಯಾಳುವಿನ ತಲೆಯನ್ನು ಅಲುಗದಂತೆ ಹಿಡಿದುಕೊಳ್ಳಿ. ರಕ್ತ ಸುರಿಯುತ್ತಿದ್ದರೆ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಎಷ್ಟೇ ಕೇಳಿದರೂ ನೀರು, ಸೋಡಾ ಕುಡಿಸಬೇಡಿ. ಆಪರೇಷನ್ ಬೇಕಾದರೆ ತೊಂದರೆಯಾಗುತ್ತದೆ. ಬೆಲ್ಟ್ ಹಾಕಿದ್ದರೇ, ಏರ್‌ಬ್ಯಾಗ್ ತೆರೆದಿತ್ತೇ, ಸ್ಟೀರಿಂಗ್ ಬಾಗಿದೆಯೇ ಎಂಬ ಮೂರನ್ನು ಆಂಬುಲೆನ್ಸಿನವರಿಗೆ ಹೇಳಿ. ಅಷ್ಟರಿಂದ ಯಾವ ಗಾಯ ಹುಡುಕಬೇಕೆಂದು ನಮಗೆ ಅರ್ಧ ಗೊತ್ತಾಗುತ್ತದೆ. ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಕೇಸ್ ಹಾಕುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 134ಎ ಕಲಮು ರಕ್ಷಣೆ ಕೊಟ್ಟಿದೆ, ಹೆಸರು ಹೇಳಬೇಕೆಂಬ ಬಲವಂತವೂ ಇಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಬೆಲ್ಟಿಗೆ ಬೂಸಲು ಹಿಡಿಯುತ್ತದೆ, ಎಲೆಯಡಿಕೆ ಕಲೆ ಬೇರೆ. ಬಿಟ್ಟರೆ ಒಳಗೆ ಸುತ್ತಿಕೊಳ್ಳುವುದೂ ಇಲ್ಲ. — ಪುತ್ತೂರು

ಉತ್ತರ: ಎರಡಕ್ಕೂ ಮದ್ದು ಒಂದೇ. ಬೆವರು, ಧೂಳು, ಎಣ್ಣೆ ಸೇರಿ ಹೆಗಲ ಮೇಲಿನ ಬಳೆಯಲ್ಲಿ ಕಪ್ಪು ಅಂಟಾಗಿ ಕೂರುತ್ತದೆ, ಪಟ್ಟಿ ಅಲ್ಲೇ ಉಜ್ಜಿ ನಿಲ್ಲುತ್ತದೆ. ಬಟ್ಟೆಯನ್ನು ಉಗುರುಬಿಸಿ ಸೋಪಿನ ನೀರಲ್ಲಿ ಅದ್ದಿ ಹಿಂಡಿ, ಮೊದಲು ಆ ಬಳೆಯ ಒಳಮೈ ಒರೆಸಿ. ಆಮೇಲೆ ಬೆಲ್ಟನ್ನು ಪೂರ್ತಿ ಎಳೆದು, ಒಳಗೆ ಓಡದಂತೆ ಬಟ್ಟೆ ಒಣಗಿಸುವ ಕ್ಲಿಪ್ ಹಾಕಿ, ಮೇಲಿನಿಂದ ಕೆಳಕ್ಕೆ ಮೆತ್ತನೆಯ ಬ್ರಷ್ಷಿನಲ್ಲಿ ತೊಳೆಯಿರಿ. ಬ್ಲೀಚಿಂಗ್, ಪೆಟ್ರೋಲ್, ಥಿನ್ನರ್ ತಾಗಿಸಬೇಡಿ, ನೂಲಿನ ಬಲ ಹೋಗುತ್ತದೆ. ಬಣ್ಣವನ್ನೂ ಹಾಕಿಸಬೇಡಿ. ರಿಟ್ರ್ಯಾಕ್ಟರಿನೊಳಗೆ ಎಣ್ಣೆ ಬಿಡುವ ಮೆಕ್ಯಾನಿಕ್ ಇದ್ದರೆ ತಡೆಯಿರಿ, ಎಣ್ಣೆಗೆ ಧೂಳು ಅಂಟಿ ಲಾಕ್ ಕೆಡುತ್ತದೆ. ಎಲೆಯಡಿಕೆ ಕಲೆ ಪೂರ್ತಿ ಹೋಗದಿದ್ದರೂ ಚಿಂತೆಯಿಲ್ಲ. ನಿಮ್ಮ ಕಡೆಯ ಆಷಾಢದ ಹವೆಯಲ್ಲಿ ಒಂದು ರಾತ್ರಿಗೆ ಬೆಲ್ಟ್ ಒಣಗದು. ಎರಡು ದಿನ ಕ್ಲಿಪ್ ಹಾಗೇ ಇರಲಿ, ಪಟ್ಟಿ ಪೂರ್ತಿ ಒಣಗಿದ ಮೇಲೆ ಕೈಯಲ್ಲಿ ಹಿಡಿದೇ ನಿಧಾನವಾಗಿ ಒಳಗೆ ಬಿಡಿ.